ಗೋಧಿ ಬಿಡಿಸುವ ಮುಂಚೆ

ನಾಲ್ಕು ವರ್ಷದ ಮಗು ದಿನಕ್ಕೆ ಹತ್ತು ಸಲ ಸೋಫಾದ ತೋಳಿಗೆ ಹೊಟ್ಟೆ ಒತ್ತಿ ಬೋರಲು ಬೀಳುತ್ತದೆ. ಊಟದ ನಡುವೆ ಎದ್ದು ಓಡುತ್ತದೆ. ಸಂಜೆಯಾದಂತೆ ಕೈ ಕಚ್ಚಿಕೊಳ್ಳುತ್ತದೆ, ರಾತ್ರಿ ಎರಡು ಗಂಟೆಗೆ ಎದ್ದು ಕಿರುಚುತ್ತದೆ. ಆಟಿಸಂ ಎಂಬ ಚೀಟಿ ಒಮ್ಮೆ ಅಂಟಿತೆಂದರೆ ಇದೆಲ್ಲವೂ ಆ ಚೀಟಿಯ ಲೆಕ್ಕಕ್ಕೇ ಹೋಗುತ್ತದೆ. ಎಷ್ಟೋ ತಿಂಗಳ ಮೇಲೆ ಯಾರೋ ಮಗುವನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡುತ್ತಾರೆ. ಎಡಗಡೆ ಕೆಳಹೊಟ್ಟೆಯಲ್ಲಿ ಗಟ್ಟಿ ಉಂಡೆ. ವಾರಗಟ್ಟಲೆ ಕೂಡಿಕೊಂಡ ಮಲ. ಮಾತು ಬಾರದ ಮಗು ಹೊಟ್ಟೆನೋವನ್ನು ಹೇಳಿಕೊಳ್ಳುವುದು ಹೀಗೆ.

ರೋಗದ ಮೂಲಕಾರಣ ಹುಡುಕುತ್ತೇವೆ ಎನ್ನುವ ಫಂಕ್ಷನಲ್ ಮೆಡಿಸಿನ್ ಎಂಬ ಪಂಥಕ್ಕೆ ತಂದೆತಾಯಿಗಳು ಯಾಕೆ ಒಲಿಯುತ್ತಾರೆ ಎಂಬುದು ಇಂಥ ಕಡೆ ಅರ್ಥವಾಗುತ್ತದೆ. ಅದು ಕೇಳುವ ಪ್ರಶ್ನೆ ಸರಿಯಾದದ್ದು: ರೋಗದ ಹೆಸರು ಪಕ್ಕಕ್ಕಿರಲಿ, ಈ ಮಗುವಿನ ಹೊಟ್ಟೆ, ನಿದ್ದೆ, ರಕ್ತ, ಊಟ ಹೇಗಿದೆ? ಐದು ನಿಮಿಷದ ಓಪಿಡಿಯಲ್ಲಿ ಈ ಪ್ರಶ್ನೆಗೆ ಜಾಗ ಇರುವುದಿಲ್ಲ. ಒಂದೂವರೆ ಗಂಟೆ ಕೂತು ಮಗುವಿನ ಕಥೆ ಕೇಳುವ ವೈದ್ಯರು ಸಿಕ್ಕರೆ ಯಾವ ತಾಯಿಗೆ ನೆಮ್ಮದಿಯಾಗುವುದಿಲ್ಲ? ತಕರಾರು ಇರುವುದು ಪ್ರಶ್ನೆಯ ಬಗ್ಗೆ ಅಲ್ಲ, ಆಮೇಲೆ ಬರುವ ಪರೀಕ್ಷೆಗಳ ಪ್ಯಾಕೇಜು, ವಿಟಮಿನ್ ಡಬ್ಬಿಗಳ ಸಾಲು ಮತ್ತು ಗೋಧಿ, ಹಾಲು ಬಿಡಿಸುವ ಪಥ್ಯದ ಬಗ್ಗೆ.

ಆಟಿಸಂ ವಿಷಯದಲ್ಲಿ ಈ ಬಗೆಯ ಚಿಕಿತ್ಸೆಯ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ತಾಯಿಯ ಪ್ರೀತಿ ಸಾಲದ್ದರಿಂದ ಆಟಿಸಂ ಬರುತ್ತದೆ ಎಂದು ವೈದ್ಯರೇ ನಂಬಿದ್ದ ಕಾಲವೊಂದಿತ್ತು. ಅದನ್ನು ಒಡೆದವರಲ್ಲಿ ಮುಖ್ಯರು ಅಮೆರಿಕದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್, ಸ್ವತಃ ಆಟಿಸಂ ಇದ್ದ ಮಗನ ತಂದೆ. ಇದು ದೇಹದ, ಮಿದುಳಿನ ಸಂಗತಿ ಎಂದು 1964ರಲ್ಲೇ ವಾದಿಸಿದರು. ಅದೇ ರಿಮ್‌ಲ್ಯಾಂಡ್ ಕಟ್ಟಿದ ಸಂಸ್ಥೆಯಿಂದ 1995ರಲ್ಲಿ 'ಡಿಫೀಟ್ ಆಟಿಸಂ ನೌ' ಎಂಬ ಚಳವಳಿ ಹುಟ್ಟಿತು. ಗೋಧಿ ಹಾಲು ಬಿಡಿಸುವುದು, ದೊಡ್ಡ ಪ್ರಮಾಣದ ಬಿ6 ಮತ್ತು ಮೆಗ್ನೀಸಿಯಂ, ಪಾದರಸ ತೆಗೆಯುವ ಕೀಲೇಶನ್ ಎಲ್ಲವೂ ಅಲ್ಲಿ ಸೇರಿಕೊಂಡವು. 2011ರಲ್ಲಿ ಸಂಸ್ಥೆ ಆ ಹೆಸರನ್ನೇ ಕೈಬಿಟ್ಟಿತು. ಪದ್ಧತಿ ಮಾತ್ರ ಉಳಿಯಿತು. ನಮ್ಮಲ್ಲಿ 'ಬಯೋಮೆಡಿಕಲ್ ಟ್ರೀಟ್‌ಮೆಂಟ್' ಎನ್ನುವುದು ಬಹುಮಟ್ಟಿಗೆ ಅದೇ. ತಾಯಂದಿರ ಮೇಲಿನ ಅಪವಾದ ತೊಳೆದ ಮನುಷ್ಯನ ಹೆಸರಿನಲ್ಲೇ, ಮಗುವಿಗೆ ಲಸಿಕೆ ಹಾಕಿಸಿದೆನಲ್ಲಾ ಎಂಬ ಹೊಸ ಅಪವಾದ ತಾಯಂದಿರ ತಲೆಗೆ ಬಂತು. ರಿಮ್‌ಲ್ಯಾಂಡ್ ಕೊನೆಯ ವರ್ಷಗಳಲ್ಲಿ ಆಟಿಸಂ ಲಸಿಕೆಯಿಂದ ಬರುತ್ತದೆ ಎಂದು ದೂರುವವರ ಜೊತೆ ನಿಂತರು. ಆ ದೂರಿಗೆ ಬಲ ಕೊಟ್ಟ 1998ರ ಲ್ಯಾನ್ಸೆಟ್ ಲೇಖನ ಕೇವಲ 12 ಮಕ್ಕಳ ಮೇಲಿನದು, 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು.

ಮನೆಯಲ್ಲಿ ಕೂತು ಪ್ರಯೋಗ ಮಾಡುವ ಎಲ್ಲರೂ ತಿಳಿದಿರಬೇಕಾದ ಕಥೆ ಸೆಕ್ರೆಟಿನ್‌ನದು. ಅದು ಮೇದೋಜ್ಜೀರಕ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಒಂದು ಹಾರ್ಮೋನು. 1998ರಲ್ಲಿ ಮೂರು ಮಕ್ಕಳಲ್ಲಿ ಇದರಿಂದ ಮಾತು ಸುಧಾರಿಸಿತು ಎಂಬ ವರದಿ ಬಂದದ್ದೇ ತಡ, ಸಾವಿರಾರು ಮಕ್ಕಳಿಗೆ ಇಂಜೆಕ್ಷನ್ ಆಯಿತು. 1999ರಲ್ಲಿ 60 ಮಕ್ಕಳನ್ನು ಸೇರಿಸಿಕೊಂಡು, ಅರ್ಧ ಜನಕ್ಕೆ ಸೆಕ್ರೆಟಿನ್, ಉಳಿದವರಿಗೆ ಬರೀ ಉಪ್ಪುನೀರು ಚುಚ್ಚಿ ನೋಡಿದರು. ಎರಡೂ ಗುಂಪಿನಲ್ಲಿ ಸುಮಾರು ಶೇ. 30 ಮಕ್ಕಳು 'ಸುಧಾರಿಸಿದರು'. ಉಪ್ಪುನೀರಿಗೂ ಅಷ್ಟೇ! ಫಲಿತಾಂಶ ತಿಳಿಸಿದ ಮೇಲೂ ಶೇ. 69 ತಂದೆತಾಯಿಗಳು ಸೆಕ್ರೆಟಿನ್ ಬೇಕೆಂದೇ ಹೇಳಿದರು. ಇದನ್ನು ಓದಿ ನಗಬಾರದು. ಬೆಳೆಯುವ ಮಗು ಪ್ರತಿ ತಿಂಗಳೂ ಏನಾದರೊಂದು ಹೊಸದು ಕಲಿಯುತ್ತದೆ. ತೀರಾ ಕೆಟ್ಟ ವಾರದಲ್ಲೇ ನಾವು ಹೊಸ ಔಷಧ ಶುರುಮಾಡುತ್ತೇವೆ, ಮುಂದಿನ ವಾರ ಹೇಗೂ ಅದಕ್ಕಿಂತ ಚೆನ್ನಾಗಿರುತ್ತದೆ. ಸಾವಿರಾರು ರೂಪಾಯಿ ಸುರಿದ ಕಣ್ಣು ಬದಲಾವಣೆಯನ್ನು ಹುಡುಕಿಯೇ ಹುಡುಕುತ್ತದೆ.

ಈಗ ಪರೀಕ್ಷೆಗಳಿಗೆ ಬರೋಣ. ಕೂದಲು ಕತ್ತರಿಸಿ ವಿದೇಶಕ್ಕೆ ಕಳಿಸಿ ತರಿಸುವ ಬಣ್ಣಬಣ್ಣದ ಲೋಹದ ವರದಿಯಿಂದ ಚಿಕಿತ್ಸೆ ನಿರ್ಧರಿಸಲು ಬರುವುದಿಲ್ಲ: ಶಾಂಪೂ, ಧೂಳು, ನೀರು ಎಲ್ಲವೂ ಅದರಲ್ಲಿ ಬರುತ್ತವೆ. ದೇಹದ ಲೋಹವನ್ನು ಹಿಡಿದು ಹೊರಹಾಕುವ ಡಿಎಂಎಸ್ಎ ಮಾತ್ರೆ ಕೊಟ್ಟು ಮೂತ್ರದಲ್ಲಿ ಲೋಹ ಅಳೆಯುವುದು ಇನ್ನೂ ಮೋಸದ ದಾರಿ. ಆ ಮಾತ್ರೆ ಕೊಟ್ಟರೆ ಯಾರ ಮೂತ್ರದಲ್ಲೂ ಲೋಹ ಹೆಚ್ಚುತ್ತದೆ, ಆದರೆ ಹೋಲಿಸುವುದು ಮಾತ್ರೆ ತಿನ್ನದವರ ಮಿತಿಯ ಜೊತೆ. ಎಲ್ಲರ ವರದಿಯೂ ಕೆಂಪು. 'ಫುಡ್ ಸೆನ್ಸಿಟಿವಿಟಿ' ಹೆಸರಿನಲ್ಲಿ ಐಜಿಜಿ ಎಂಬ ಪ್ರತಿಕಾಯ ಅಳೆಯುವ ರಕ್ತಪರೀಕ್ಷೆಯೂ ಹಾಗೆಯೇ. ಮಗು ಏನನ್ನು ಹೆಚ್ಚು ತಿನ್ನುತ್ತದೋ ಅದರ ಐಜಿಜಿ ಇರುವುದು ಸಹಜ. ಮೊಸರನ್ನವನ್ನೇ ತಿನ್ನುವ ಮಗುವಿಗೆ ಹಾಲು 'ಪಾಸಿಟಿವ್' ಬರದೆ ಇನ್ನೇನು ಬರುತ್ತದೆ?

ಅದೇ ದುಡ್ಡಿನ ಕಾಲುಭಾಗದಲ್ಲಿ ಕೆಲಸಕ್ಕೆ ಬರುವ ಪರೀಕ್ಷೆಗಳಿವೆ: ಪೂರ್ಣ ರಕ್ತಕಣ ಎಣಿಕೆ, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಜೊತೆಗೆ ಸಿಆರ್‌ಪಿ (ಉರಿಯೂತದ ಗುರುತು), ಬಿ12, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್). ಮಣ್ಣು, ಗೋಡೆಯ ಸುಣ್ಣ, ಬಣ್ಣ ತಿನ್ನುವ ಮಗುವಾದರೆ ರಕ್ತದಲ್ಲಿ ಸೀಸ. ಗೋಧಿ ಬಿಡಿಸುವ ಯೋಚನೆ ಇದ್ದರೆ, ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ರೋಗ ಪತ್ತೆಮಾಡುವ ಟಿಟಿಜಿ-ಐಜಿಎ, ಅದರ ಜೊತೆ ಒಟ್ಟು ಐಜಿಎ. ಇವಕ್ಕೆಲ್ಲ ಮೊದಲು ಕಿವಿ. ಕರೆದರೆ ತಿರುಗದ ಮಗುವಿಗೆ ಬೇರಾ (BERA) ಎಂಬ ಶ್ರವಣ ಪರೀಕ್ಷೆ ಆಗದೆ ಆಟಿಸಂ ಎಂದು ತೀರ್ಮಾನಿಸುವುದು ತಪ್ಪು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಮಾಡುತ್ತಾ ಬಂದಿರುವುದೇ ಈ ಕೆಲಸ. ಹಲ್ಲು ಕೂಡ ನೋಡಿಸಿ. ಕೆನ್ನೆಗೆ ಹೊಡೆದುಕೊಳ್ಳುವ ಮಗುವಿನ ದವಡೆಯಲ್ಲಿ ಹುಳುಕು ಸಿಗುವುದು ಅಪರೂಪವೇನಲ್ಲ.

ಚಿಕಿತ್ಸೆಯಲ್ಲಿ ಮೊದಲ ಕೆಲಸ ಹೊಟ್ಟೆ ಸ್ವಚ್ಛ ಮಾಡುವುದು. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ಬೇರೆ ಮಕ್ಕಳಿಗಿಂತ ಬಹಳ ಹೆಚ್ಚು. ಒಂದೇ ಬಗೆಯ ಊಟ, ಕಡಿಮೆ ನೀರು, ಕಕ್ಕಸಿನ ಶಬ್ದದ ಭಯ, ಒಮ್ಮೆ ನೋವಾದ ಮೇಲೆ ತಡೆಹಿಡಿಯುವ ಅಭ್ಯಾಸ ಎಲ್ಲವೂ ಸೇರುತ್ತವೆ. ನಮ್ಮ ಮನೆಗಳಲ್ಲಿ ಇನ್ನೊಂದಿದೆ: ಏನೂ ತಿನ್ನಲ್ಲ ಎಂದು ದಿನಕ್ಕೆ ಲೀಟರು ಹಾಲು. ದಿನಕ್ಕೆ ಅರ್ಧ ಲೀಟರು ದಾಟಿದ ಹಾಲು ಹೊಟ್ಟೆ ತುಂಬಿಸಿ ಬೇರೆ ಊಟವನ್ನು ಹೊರಗೆ ತಳ್ಳುತ್ತದೆ, ಮಲ ಗಟ್ಟಿಮಾಡುತ್ತದೆ, ಕಬ್ಬಿಣವನ್ನೂ ಇಳಿಸುತ್ತದೆ. ಹಾಲು ಬಿಟ್ಟ ಮೇಲೆ ಮಗು ಬದಲಾಯಿತು ಎನ್ನುವ ಎಷ್ಟೋ ಅನುಭವಗಳ ಹಿಂದೆ ಇರುವುದು ಇದೇ ಎಂದು ನನ್ನ ಗುಮಾನಿ. ಅದಕ್ಕೆ ಹಾಲು ಪೂರ್ತಿ ಬಿಡಬೇಕಿಲ್ಲ, ಅಳತೆಗೆ ತಂದರೆ ಸಾಕು.

ಔಷಧ ಪಾಲಿಇಥಿಲೀನ್ ಗ್ಲೈಕಾಲ್ ಪುಡಿ. ಕರುಳಿನಲ್ಲಿ ನೀರು ಹಿಡಿದಿಡುತ್ತದೆ, ಅಭ್ಯಾಸವಾಗುವುದಿಲ್ಲ. ಮಲ ಗಂಟುಕಟ್ಟಿದ್ದರೆ ಮೊದಲು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ, ಮೂರರಿಂದ ಆರು ದಿನ. ಆಮೇಲೆ ಕಿಲೋಗೆ ಸುಮಾರು 0.4 ಗ್ರಾಂ. ಅಂದರೆ 15 ಕಿಲೋ ಮಗುವಿಗೆ ಮೊದಲ ದಿನಗಳಲ್ಲಿ 15ರಿಂದ 22 ಗ್ರಾಂ, ನಂತರ 6 ಗ್ರಾಂ ಆಸುಪಾಸು. ಮಕ್ಕಳ ವೈದ್ಯರು ಹೊಟ್ಟೆ ನೋಡಿ ಹೇಳಿದ ಮೇಲೆಯೇ ಶುರು. ಇಲ್ಲಿ ಮೂರು ಕಡೆ ಎಡವುತ್ತಾರೆ. ಗಂಟು ತೆಗೆಯದೆ ನೇರ ಸಣ್ಣ ಪ್ರಮಾಣ ಕೊಡುವುದು ಒಂದು. ಆಗ ಗಂಟಿನ ಪಕ್ಕದಿಂದ ನೀರುಮಲ ಸೋರಿ ಚಡ್ಡಿ ಹಾಳಾಗುತ್ತದೆ. ಅದನ್ನು ಭೇದಿ ಎಂದುಕೊಂಡು ಔಷಧವನ್ನೇ ನಿಲ್ಲಿಸುವುದು ಎರಡನೆಯದು. ಹತ್ತು ದಿನಕ್ಕೆ ಸರಿಹೋಯಿತೆಂದು ಬಿಟ್ಟುಬಿಡುವುದು ಮೂರನೆಯದು. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬರಲು ಕಾಲ ಬೇಕು. ಕನಿಷ್ಠ ಎರಡು ತಿಂಗಳು, ಅದರಲ್ಲಿ ಕೊನೆಯ ಒಂದು ತಿಂಗಳು ಯಾವ ತೊಂದರೆಯೂ ಇರಬಾರದು, ಆಮೇಲೆ ನಿಧಾನವಾಗಿ ಇಳಿಸುವುದು. ಊಟವಾದ ಮೇಲೆ ಐದರಿಂದ ಹತ್ತು ನಿಮಿಷ ಕೂರಿಸುವುದು, ಕಾಲಕೆಳಗೆ ಮಣೆ ಇಟ್ಟು ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಮಾಡುವುದು. ಭಾರತೀಯ ಕಕ್ಕಸಿನಲ್ಲಿ ಕೂರುವ ಭಂಗಿಗೆ ಮಣೆ ಬೇಕಾಗಿಯೇ ಇರಲಿಲ್ಲ.

ಹೊಟ್ಟೆಯ ನಂತರ ನಿದ್ದೆ. ಎರಡನ್ನೂ ಕಬ್ಬಿಣ ಜೋಡಿಸುತ್ತದೆ. ಹಾಸಿಗೆಯಲ್ಲಿ ಕಾಲು ಒದೆಯುತ್ತಾ, ಹೊರಳುತ್ತಾ, ರಾತ್ರಿಯಿಡೀ ಜಾಗ ಬದಲಿಸುವ ಮಗುವಿನ ಫೆರಿಟಿನ್ 50ಕ್ಕಿಂತ ಕೆಳಗಿದ್ದರೆ, ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣ ಕೊಟ್ಟು ನೋಡುವುದುಂಟು. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ, ಅದಕ್ಕೇ ಮೇಲೆ ಸಿಆರ್‌ಪಿ ಹೇಳಿದ್ದು. ಪ್ರಮಾಣ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ಎಲಿಮೆಂಟಲ್ ಕಬ್ಬಿಣ, ಅಂದರೆ ಲವಣದೊಳಗಿನ ಕಬ್ಬಿಣದ್ದೇ ತೂಕ. ಬಾಟಲಿಯ ಮೇಲೆ ಲವಣದ ತೂಕ ಒಂದು, ಎಲಿಮೆಂಟಲ್ ತೂಕ ಇನ್ನೊಂದು ಇರುತ್ತದೆ, ಓದಿ ಅಳೆಯಬೇಕು. ಹಾಲು, ಟೀ, ರಾಗಿಯ ಜೊತೆ ಕೊಟ್ಟರೆ ಅರ್ಧ ವ್ಯರ್ಥ. ಹೊಟ್ಟೆ ಖಾಲಿಯಿದ್ದಾಗ ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಕಬ್ಬಿಣವೇ ಮಲ ಗಟ್ಟಿಮಾಡಬಹುದು, ಆದ್ದರಿಂದ ಹೊಟ್ಟೆಯ ಕೆಲಸ ಮುಗಿದ ಮೇಲೆ ಇದು. ಮೂರು ತಿಂಗಳಿಗೆ ಮತ್ತೆ ಫೆರಿಟಿನ್. ಬಾಟಲಿಗೆ ಬೀಗ. ಸಿಹಿ ಸಿರಪ್ಪನ್ನು ಪೂರ್ತಿ ಕುಡಿದ ಸಣ್ಣ ಮಗು ಸಾಯಬಹುದು. ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ ಮಗುವಿಗೆ ಕಬ್ಬಿಣಕ್ಕಿಂತ ಮೊದಲು ಮೂಗಿನ ಹಿಂದಿರುವ ಅಡಿನಾಯ್ಡ್ ಗಡ್ಡೆ ನೋಡಿಸಬೇಕು. ಹಗಲಿನ ಚಡಪಡಿಕೆಯನ್ನು ಎಡಿಎಚ್‌ಡಿ ಎಂದು ಬರೆಯುವ ಮುಂಚೆಯೂ ಅಷ್ಟೇ.

ನಿದ್ದೆಯ ಹಾರ್ಮೋನು ಮೆಲಟೋನಿನ್ ಬಗ್ಗೆ ಎರಡು ಮಾತು. ಮಲಗುವ ಹೊತ್ತು, ದೀಪ, ಮೊಬೈಲು ಎಲ್ಲ ಸರಿಪಡಿಸಿಯೂ ನಿದ್ದೆ ಬಾರದಿದ್ದರೆ, ಮಲಗುವ 30ರಿಂದ 60 ನಿಮಿಷ ಮುಂಚೆ 1 ಮಿಲಿಗ್ರಾಂನಿಂದ ಶುರು. ಇದಕ್ಕೆ ಪುರಾವೆ ಚೆನ್ನಾಗಿದೆ. ಡಬ್ಬಿಯ ಬಗ್ಗೆ ಮಾತ್ರ ಅಷ್ಟು ಭರವಸೆ ಬೇಡ. ಕೆನಡಾದಲ್ಲಿ 2017ರಲ್ಲಿ 31 ಬಗೆಯ ಮೆಲಟೋನಿನ್ ಡಬ್ಬಿ ಪರೀಕ್ಷಿಸಿದಾಗ ಒಂದರಲ್ಲಿ ಬರೆದದ್ದಕ್ಕಿಂತ ಶೇ. 83 ಕಡಿಮೆ, ಇನ್ನೊಂದರಲ್ಲಿ ಶೇ. 478 ಹೆಚ್ಚು ಇತ್ತು. ಎಂಟು ಡಬ್ಬಿಗಳಲ್ಲಿ ಸೆರೊಟೋನಿನ್ ಎಂಬ ಬೇರೆಯೇ ರಾಸಾಯನಿಕ ಸಿಕ್ಕಿತು.

ಆಯ್ದು ತಿನ್ನುವ ಮಗುವಿನಲ್ಲಿ ಯಾರಿಗೂ ಹೊಳೆಯದೆ ಹೋಗುವ ರೋಗ ಸ್ಕರ್ವಿ. ಹದಿನೆಂಟನೇ ಶತಮಾನದ ನಾವಿಕರ ರೋಗ ಇಂದೂ ಬಿಸ್ಕತ್ತು, ಚಿಪ್ಸು, ಬಿಳಿ ಅನ್ನದ ಮೇಲೆ ಬದುಕುವ ಮಕ್ಕಳಲ್ಲಿ ಬರುತ್ತದೆ. ಓಡಾಡುತ್ತಿದ್ದ ಮಗು ಕುಂಟುತ್ತದೆ, ನಿಲ್ಲಲು ಒಲ್ಲೆನ್ನುತ್ತದೆ, ಕಾಲು ಮುಟ್ಟಿದರೆ ಅಳುತ್ತದೆ, ವಸಡು ಊದಿ ರಕ್ತ ಬರುತ್ತದೆ. ರಕ್ತದ ಕ್ಯಾನ್ಸರ್ ಇರಬಹುದೆಂದು ಎಂಆರ್‌ಐವರೆಗೂ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವಿವೆ. ಮದ್ದು ವಿಟಮಿನ್ ಸಿ, ಮಾತ್ರೆಗೆ ಕೆಲವೇ ರೂಪಾಯಿ. ಕೆಲವು ದಿನದಲ್ಲಿ ನೋವು ಇಳಿಯುತ್ತದೆ. ಮೂಲಕಾರಣ ಹುಡುಕುತ್ತೇನೆ ಎನ್ನುವ ಯಾರೇ ಆದರೂ ಮಗು ಕಳೆದ ಏಳು ದಿನದಲ್ಲಿ ತಿಂದದ್ದನ್ನು ತುತ್ತುತುತ್ತಾಗಿ ಬರೆಸಿಕೊಳ್ಳಬೇಕು. ಎಷ್ಟು ವಿಧ ಎಂದು ಎಣಿಸಬೇಕು. ಹತ್ತು ದಾಟದಿದ್ದರೆ, ಯಾವುದನ್ನೂ ಬಿಡಿಸುವ ಮಾತೇ ಬೇಡ.

ಬಿ12 ನಮ್ಮ ಸಸ್ಯಾಹಾರಿ ಮನೆಗಳ ವಿಷಯ. ತಾಯಿಯಲ್ಲಿ ಕೊರತೆ ಇದ್ದು ಮಗು ಬರೀ ಎದೆಹಾಲಿನ ಮೇಲಿದ್ದರೆ ಆರರಿಂದ ಹದಿನೆಂಟು ತಿಂಗಳ ನಡುವೆ ಕಲಿತದ್ದನ್ನು ಮರೆಯುತ್ತಾ ಬರುತ್ತದೆ: ನಗುವುದು, ಕೂರುವುದು, ಮುಖ ನೋಡುವುದು. ಗುಂಡುಗುಂಡಾಗಿಯೇ ಇರುತ್ತದೆ. ಬೆರಳಿನ ಗೆಣ್ಣು ಕಪ್ಪಾಗುತ್ತದೆ, ಕೂದಲು ಕಂದಾಗಿ ವಿರಳವಾಗುತ್ತದೆ, ಕೆಲವರಿಗೆ ನಡುಕ. ವೈದ್ಯರು ಇದನ್ನು ಇನ್‌ಫೆಂಟೈಲ್ ಟ್ರೆಮರ್ ಸಿಂಡ್ರೋಮ್ ಎನ್ನುತ್ತಾರೆ. ಬಿ12 ಇಂಜೆಕ್ಷನ್ ಬಿದ್ದ ಕೆಲವೇ ದಿನಗಳಲ್ಲಿ ಮಗು ಮತ್ತೆ ಮುಖ ನೋಡಲು ಶುರುಮಾಡುವುದುಂಟು. ತಡವಾದರೆ ಹಿಂದುಳಿದದ್ದು ಪೂರ್ತಿ ತುಂಬುವುದಿಲ್ಲ. ಇದು ಆಟಿಸಂ ಅಲ್ಲ, ಆದರೆ ದೂರದಿಂದ ನೋಡಿದವರಿಗೆ ಹಾಗೇ ಕಾಣುತ್ತದೆ.

ಈಚೆಗೆ ಎಲ್ಲರ ಬಾಯಲ್ಲಿರುವ ಲ್ಯೂಕೊವೊರಿನ್‌ಗೂ ಬಿ12ಕ್ಕೂ ನಂಟಿದೆ. ಕೆಲವು ಮಕ್ಕಳಲ್ಲಿ ಫೋಲೇಟ್ ಎಂಬ ಬಿ ವಿಟಮಿನ್ನನ್ನು ಮಿದುಳಿಗೆ ಸಾಗಿಸುವ ಗ್ರಾಹಕದ ವಿರುದ್ಧ ಪ್ರತಿಕಾಯಗಳಿರುತ್ತವೆ, ಫೋಲಿನಿಕ್ ಆಮ್ಲ (ಲ್ಯೂಕೊವೊರಿನ್ ಅಂದರೆ ಇದೇ) ಬೇರೆ ದಾರಿಯಿಂದ ಒಳಹೋಗುತ್ತದೆ ಎಂಬುದು ವಾದ. 48 ಮಕ್ಕಳ ಮೇಲೆ 12 ವಾರ ನಡೆದ ಅಮೆರಿಕದ ಪ್ರಯೋಗವೊಂದರಲ್ಲಿ ಕಿಲೋಗೆ ದಿನಕ್ಕೆ 2 ಮಿಲಿಗ್ರಾಂ, ಗರಿಷ್ಠ 50 ಮಿಲಿಗ್ರಾಂ ಕೊಟ್ಟಾಗ ಮಾತಿನಲ್ಲಿ ಸ್ವಲ್ಪ ಲಾಭ ಕಂಡಿತು. ಆಸಕ್ತಿಯಿಂದ ನೋಡಬೇಕಾದ ವಿಷಯ, ಆದರೆ ದೊಡ್ಡ ನಿರ್ಧಾರಕ್ಕೆ ಸಣ್ಣ ಪ್ರಯೋಗ. ಕೆಲವು ಮಕ್ಕಳಲ್ಲಿ ಚಡಪಡಿಕೆ, ನಿದ್ದೆಗೇಡು ಹೆಚ್ಚುತ್ತದೆ. ಬಿ12 ನೋಡದೆ ಫೋಲೇಟ್ ಕೊಟ್ಟರೆ ರಕ್ತಹೀನತೆ ಮುಚ್ಚಿಹೋಗಿ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಸೀಸಕ್ಕೆ ಬೇಕಾದ ಪರೀಕ್ಷೆ ರಕ್ತದ್ದು, ರಕ್ತನಾಳದಿಂದ ತೆಗೆದದ್ದು. ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೆ ಮೂಲ ಹುಡುಕಬೇಕು. ಕೀಲೇಶನ್ ಸಾಮಾನ್ಯವಾಗಿ 45 ದಾಟಿದರೆ ಮಾತ್ರ, ಅದೂ ಆಸ್ಪತ್ರೆಯಲ್ಲಿ. ಮೂಲ ಎಂದರೆ ಹಳೇ ಬಣ್ಣದ ಕಿಟಕಿ, ಮನೆ ಹತ್ತಿರದ ಬ್ಯಾಟರಿ ಒಡೆಯುವ ಅಂಗಡಿ, ಕಣ್ಣಿಗೆ ಹಚ್ಚುವ ಸುರ್ಮಾ, ಹೊಳಪಿಗೆ ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನ, ಲೋಹ ಸೇರಿಸಿ ಮಾಡುವ ರಸೌಷಧ. ಇದನ್ನು ದಶಕಗಳಿಂದ ಹೇಳುತ್ತಾ ಬಂದವರು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್. ಮಣ್ಣು ತಿನ್ನುವ ಅಭ್ಯಾಸ ಮತ್ತು ಕಬ್ಬಿಣದ ಕೊರತೆ ಒಟ್ಟಿಗಿದ್ದರೆ ದೇಹ ಸೀಸವನ್ನು ಇನ್ನಷ್ಟು ಹೀರುತ್ತದೆ. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಹುಡುಗನಿಗೆ ಆಟಿಸಂಗೆಂದು ಕೊಟ್ಟ ಇಡಿಟಿಎ ಎಂಬ ಕೀಲೇಶನ್ ಔಷಧ ರಕ್ತದ ಕ್ಯಾಲ್ಸಿಯಂ ಎಳೆದುಕೊಂಡು ಹೃದಯ ನಿಲ್ಲಿಸಿತು. ಸೀಸ ತೆಗೆಯಲು ಬಳಸುವುದು ಕ್ಯಾಲ್ಸಿಯಂ ಇಡಿಟಿಎ, ಅವನಿಗೆ ಕೊಟ್ಟದ್ದು ಡೈಸೋಡಿಯಂ ಇಡಿಟಿಎ. ಆ ಮಗುವಿಗೆ ಎರಡೂ ಬೇಕಿರಲಿಲ್ಲ. ಆಕ್ಸಿಜನ್ ಚೇಂಬರು, ಸ್ಟೆಮ್ ಸೆಲ್, ಕ್ಲೋರಿನ್ ಡೈಆಕ್ಸೈಡ್ ಹನಿ: ಇವುಗಳಿಗೆ ಇಲ್ಲಿ ಒಂದೇ ಸಾಲು, ಬೇಡ.

ಡಬ್ಬಿಗಳಿದ್ದರೆ ಎಲ್ಲವನ್ನೂ ಮೇಜಿನ ಮೇಲಿಟ್ಟು ಕೂಡಿಸಿ. ಮಲ್ಟಿವಿಟಮಿನ್‌ನಲ್ಲಿ ಬಿ6, ಮೆಗ್ನೀಸಿಯಂ ಪುಡಿಯಲ್ಲಿ ಬಿ6, 'ಮೂಡ್' ಸಿರಪ್ಪಿನಲ್ಲೂ ಬಿ6. ಹೆಚ್ಚು ಬಿ6 ತಿಂಗಳುಗಟ್ಟಲೆ ಹೋದರೆ ಕೈಕಾಲು ಜೋಮುಹಿಡಿಯುತ್ತದೆ, ಮಾತಿಲ್ಲದ ಮಗು ಅದನ್ನು ಹೇಳಲಾರದು. ಸತುವಿನ ಅತಿ ತಾಮ್ರವನ್ನು ಇಳಿಸುತ್ತದೆ. ವಿಟಮಿನ್ ಡಿ ವಾರಕ್ಕೊಂದು ಬಾರಿಯ 60,000 ಯೂನಿಟ್ ಪೊಟ್ಟಣವನ್ನು ದಿನವೂ ಕೊಟ್ಟ ತಪ್ಪು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಆಗುತ್ತದೆ. ವಾಂತಿ, ಅತಿಯಾದ ಮೂತ್ರ, ಮತ್ತದೇ ಮಲಬದ್ಧತೆ.

ಇಷ್ಟಾದ ಮೇಲೆ ಗೋಧಿ. ಗೋಧಿ ಮತ್ತು ಹಾಲಿನ ಪ್ರೋಟೀನು ಅರ್ಧ ಜೀರ್ಣವಾಗಿ ಅಫೀಮಿನಂಥ ತುಣುಕಾಗಿ ಮಿದುಳಿಗೇರುತ್ತದೆ ಎಂಬ ಸಿದ್ಧಾಂತವಿತ್ತು. 2008ರಲ್ಲಿ ಬ್ರಿಟನ್ನಿನಲ್ಲಿ ಮೂತ್ರ ಪರೀಕ್ಷಿಸಿದಾಗ ಆ ತುಣುಕುಗಳು ಸಿಗಲಿಲ್ಲ. ದಕ್ಷಿಣ ಭಾರತದಲ್ಲಿ ಸೀಲಿಯಾಕ್ ರೋಗವೂ ಅಪರೂಪ: 2016ರ ಸಮೀಕ್ಷೆಯಲ್ಲಿ ಅದರ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23 ಜನರಲ್ಲಿ ಇದ್ದರೆ ದಕ್ಷಿಣದಲ್ಲಿ ಶೇ. 0.10. ಆದರೂ ಟಿಟಿಜಿ ಪರೀಕ್ಷೆಯನ್ನು ಗೋಧಿ ಬಿಡಿಸುವ ಮುಂಚೆಯೇ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿದರೆ ರೋಗವಿದ್ದರೂ ಸುಳ್ಳು ನೆಗೆಟಿವ್ ಬರುತ್ತದೆ. ಸೀಲಿಯಾಕ್ ಇದ್ದರೆ, ಅಥವಾ ತಿಂದ ಕೂಡಲೇ ದದ್ದು, ಊತ, ಉಬ್ಬಸ ಬರುವ ಅಲರ್ಜಿ ಇದ್ದರೆ ಮುಂದೆ ಹೇಳುವ ಮನೆಪ್ರಯೋಗ ನಿಮಗಲ್ಲ.

ಉಳಿದವರು ಮಾಡಲೇಬೇಕೆಂದಿದ್ದರೆ ಒಂದನ್ನೇ ಬಿಡಿಸಿ, ಎರಡನ್ನೂ ಒಟ್ಟಿಗಲ್ಲ. ಮೊಸರನ್ನ ಬಿಟ್ಟು ಬೇರೇನೂ ತಿನ್ನದ ಮಗುವಿನ ಹಾಲು ಮುಟ್ಟಬೇಡಿ. ನಾಲ್ಕರಿಂದ ಆರು ವರ್ಷಕ್ಕೆ ದಿನಕ್ಕೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ರಾಗಿಯಿದೆಯಲ್ಲ ಎನ್ನುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಮಗು ತಿನ್ನುವ 50 ಗ್ರಾಂನಲ್ಲಿ 175, ಅದರಲ್ಲೂ ಧಾನ್ಯದಲ್ಲೇ ಇರುವ ಫೈಟೇಟ್ ಒಂದಷ್ಟನ್ನು ಕಟ್ಟಿಹಾಕುತ್ತದೆ. ಮೊಳಕೆ ಕಟ್ಟಿದ ರಾಗಿಯಾದರೆ ವಾಸಿ. ಹಾಲು ಬಿಟ್ಟ ಆಟಿಸಂ ಹುಡುಗರಲ್ಲಿ ಮೂಳೆ ತೆಳುವಾಗಿದ್ದದ್ದನ್ನು 2008ರ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿದೆ.

ಗೋಧಿ ಬಿಡುವುದು ಮುದ್ದೆ, ಅಕ್ಕಿರೊಟ್ಟಿ, ಜೋಳದ ರೊಟ್ಟಿಯ ನಾಡಿನಲ್ಲಿ ಸುಲಭ ಎನಿಸುತ್ತದೆ. ಸೋರುವ ಜಾಗಗಳು ಬೇರೆ. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ ಗೋಧಿಯೇ ಎಂಬುದು ಅಜ್ಜಿಗೆ ನೆನಪಿರುವುದಿಲ್ಲ. ಹೋಳಿಗೆಯ ಕಣಕ, ಮದ್ದೂರು ವಡೆ, ಡಬ್ಬಿಯ ಮಾಲ್ಟ್ ಪುಡಿಯ ಬಾರ್ಲಿ. ಗಿರಣಿಯಲ್ಲಿ ಹಿಂದಿನವರ ಗೋಧಿಯಾದ ಮೇಲೆ ಬೀಸಿದ ರಾಗಿ. ಒಗ್ಗರಣೆಯ ಇಂಗು ಕೂಡ: ಪುಡಿ ಇಂಗಿನಲ್ಲಿ ಬಹುಪಾಲು ಮೈದಾ ಅಥವಾ ಗೋಧಿಹಿಟ್ಟು ಇರುತ್ತದೆ, ಅಕ್ಕಿಹಿಟ್ಟಿನದನ್ನು ಹುಡುಕಿ ತರಬೇಕು.

ಮೊದಲ ಎರಡು ವಾರ ಏನೂ ಬದಲಿಸದೆ ಬರೆಯಿರಿ. ಎಣಿಸಲಾಗುವ ಮೂರೇ ಸಂಗತಿ: ರಾತ್ರಿ ಎಷ್ಟು ಸಲ ಎದ್ದ, ಮಲ ಯಾವ ದಿನ ಎಷ್ಟು ಗಟ್ಟಿ, ಕಚ್ಚಿಕೊಳ್ಳುವ ಅಥವಾ ಕಿರುಚುವ ಗಲಾಟೆ ಎಷ್ಟು ಸಲ. 'ಚುರುಕಾಗಿದ್ದಾನೆ' ಎಂದು ಬರೆಯಬೇಡಿ. ಜ್ವರ, ಹಬ್ಬ, ಊರಿಗೆ ಹೋದ ದಿನಕ್ಕೆ ಗುರುತು ಹಾಕಿ. ಆಮೇಲೆ ಆರು ವಾರ ಕಟ್ಟುನಿಟ್ಟಾಗಿ ಗೋಧಿಯಿಲ್ಲ. ಆ ಅವಧಿಯಲ್ಲಿ ಹೊಸ ಶಾಲೆ, ಹೊಸ ಥೆರಪಿ, ಹೊಸ ಡಬ್ಬಿ ಯಾವುದೂ ಬೇಡ. ಸುಧಾರಿಸಿದಂತೆ ಕಂಡರೆ ನಿಜವಾದ ಪರೀಕ್ಷೆ ಆಗ ಶುರು. 2016ರಲ್ಲಿ 14 ಮಕ್ಕಳಲ್ಲಿ ನಡೆದ ಒಂದು ಪ್ರಯೋಗ ಹೀಗೆಯೇ ಇತ್ತು: ಪಥ್ಯದ ಮೇಲೆ ಮಕ್ಕಳನ್ನು ನಿಲ್ಲಿಸಿ, ತಿಂಡಿಯೊಳಗೆ ಗೋಧಿ ಅಥವಾ ಹಾಲು ಬಚ್ಚಿಟ್ಟು ಕೊಟ್ಟರು, ಅಂಕ ಹಾಕುವವರಿಗೆ ಗೊತ್ತಿರಲಿಲ್ಲ. ನಿದ್ದೆ, ಹೊಟ್ಟೆ, ವರ್ತನೆ ಯಾವುದರಲ್ಲೂ ವ್ಯತ್ಯಾಸ ಸಿಗಲಿಲ್ಲ. ಮನೆಯಲ್ಲಾದರೆ ಅಂಕ ಹಾಕದ ಒಬ್ಬರು, ಚಿಕ್ಕಮ್ಮನೋ ಅಜ್ಜನೋ, ರಾಗಿದೋಸೆಯ ಹಿಟ್ಟು ಕಲಸಲಿ. ಒಂದು ವಾರ ಅದರಲ್ಲಿ ದಿನವೂ ಎರಡು ದೊಡ್ಡ ಚಮಚ ಗೋಧಿಹಿಟ್ಟು, ಇನ್ನೊಂದು ವಾರ ಅಷ್ಟೇ ಅಕ್ಕಿಹಿಟ್ಟು. ಯಾವ ವಾರ ಯಾವುದು ಎಂದು ಚೀಟಿ ಬರೆದು ಮಡಚಿ ದೇವರಮನೆಯಲ್ಲಿಡಲಿ. ಹದಿನಾಲ್ಕು ದಿನದ ಅಂಕಿ ಕೂಡಿಸಿ, ಗೋಧಿಯ ವಾರ ಯಾವುದೆಂದು ನೀವು ಮೊದಲು ಕಾಗದದಲ್ಲಿ ಬರೆದು, ಆಮೇಲೆ ಚೀಟಿ ಬಿಚ್ಚಿ. ನಿಮ್ಮ ಊಹೆ ತಪ್ಪಾಗಿದ್ದರೆ, ಅಥವಾ ಎರಡು ವಾರದ ಅಂಕಿಗಳು ಒಂದೇ ಥರ ಇದ್ದರೆ, ಅವತ್ತು ರಾತ್ರಿಯೇ ಚಪಾತಿ ಲಟ್ಟಿಸಬಹುದು. ಊಹೆ ಸರಿಯಾದರೆ ಇನ್ನೊಂದು ಸಲ ಮಾಡಿ, ಒಂದು ಸಲದ್ದು ನಾಣ್ಯ ಚಿಮ್ಮಿದರೂ ಸರಿಹೋಗುತ್ತದೆ.